ಶಿಸ್ತು: ಆಳುವವರಿಗೂ ಒಂದು ಕಟ್ಟು

ಶಿವಮೊಗ್ಗದಲ್ಲಿ ಓದುವ ಮಕ್ಕಳ ಕಿವಿಗೆ ದಿನಕ್ಕೆ ಹಲವು ಸಲ ಬೀಳುವ ಮಾತು 'ಶಿಸ್ತು'. ಬೆಳಗಿನ ಪ್ರಾರ್ಥನೆಗೆ ಸಾಲಾಗಿ ನಿಲ್ಲುವಾಗ ಪಿ.ಟಿ. ಮೇಷ್ಟ್ರ ಬಾಯಲ್ಲಿ ಅದೇ, ಪ್ರಗತಿ ಪತ್ರದ ಷರಾದಲ್ಲೂ ಅದೇ. ಕಾಲೇಜಿಗೆ ಹೋದರೆ ಅಲ್ಲೊಂದು 'ಶಿಸ್ತು ಸಮಿತಿ'. ಮನೆಯಲ್ಲಿ ಅಜ್ಜಿ "ಎಂತ, ಇವತ್ತು ಭಾರಿ ಶಿಸ್ತಾಗಿ ಹೊರಟಿದೀಯ" ಅಂದರೆ ಅರ್ಥ ಬೇರೆ: ಅಂಗಿ ಇಸ್ತ್ರಿಯಾಗಿದೆ, ತಲೆ ಬಾಚಿದ್ದು ಸರಿಯಾಗಿದೆ ಎಂದು. ಪತ್ರಿಕೆ ತೆರೆದರೆ ಯಾರೋ ಶಾಸಕರ ಮೇಲೆ ಪಕ್ಷದ 'ಶಿಸ್ತುಕ್ರಮ', ಬಜೆಟ್ ದಿನ 'ಆರ್ಥಿಕ ಶಿಸ್ತು'. ಮುಂದೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯಕ್ಕೆ ಸೇರಿದರೆ ಇತಿಹಾಸ, ಸಮಾಜಶಾಸ್ತ್ರ, ಅರ್ಥಶಾಸ್ತ್ರ ಒಂದೊಂದೂ ಒಂದು 'ಜ್ಞಾನಶಿಸ್ತು'. ಅವುಗಳನ್ನು ಬೆಸೆದು ಮಾಡುವ ಓದು 'ಅಂತರ್‌ಶಿಸ್ತೀಯ ಅಧ್ಯಯನ'.

ಸಮಾಜ ವಿಜ್ಞಾನವನ್ನು ಹೊಸದಾಗಿ ಓದಲು ಕೂತ ಹುಡುಗರಿಗೆ, ಹುಡುಗಿಯರಿಗೆ ಎಲ್ಲಿಂದ ಶುರುಮಾಡಬೇಕು ಎಂದು ಯಾರಾದರೂ ಕೇಳಿದರೆ ನಾನು ಈ ಪದವನ್ನೇ ತೋರಿಸುತ್ತೇನೆ. ತೆರಿಗೆ, ಅಧಿಕಾರ, ಕಾನೂನು, ದುಡಿಮೆ, ಪಕ್ಷ, ಭಾಷೆ, ಎಲ್ಲಕ್ಕೂ ಇದರೊಳಗಿಂದ ದಾರಿಯಿದೆ. ಆ ದಾರಿಗಳಲ್ಲಿ ಹೆಚ್ಚಿನವು ನಮ್ಮ ಜಿಲ್ಲೆಯೊಳಗೇ ಹಾದುಹೋಗುತ್ತವೆ.

ಮೊದಲಿಗೆ 'ಶಿಸ್ತಿನ ಶಿವಪ್ಪನಾಯಕ'. ಕೆಳದಿ ಅರಸು ಶಿವಪ್ಪನಾಯಕ ಬಿದನೂರಿನಿಂದ ಆಳಿದ್ದು 1645ರಿಂದ 1660ರವರೆಗೆ. ಆ ಬಿದನೂರೇ ಇವತ್ತಿನ ಹೊಸನಗರ ತಾಲ್ಲೂಕಿನ ನಗರ. ಶಿವಮೊಗ್ಗದ ಕೋಟೆ ಕಡೆ ಅವನ ಹೆಸರಿನ ಅರಮನೆ ಈಗ ವಸ್ತುಸಂಗ್ರಹಾಲಯ. ಮಕ್ಕಳನ್ನು ಅಲ್ಲಿಗೆ ಕರೆದೊಯ್ದಾಗ ಈ ಬಿರುದು ಕೇಳಿಸುತ್ತದೆ. ಕೇಳಿದ ಮಕ್ಕಳಲ್ಲಿ ಬಹಳಷ್ಟು ಮಂದಿ ಅವನನ್ನು ಗದರುವ, ಹೊತ್ತಿಗೆ ಸರಿಯಾಗಿ ಏಳುವ, ಸೈನಿಕರನ್ನು ಸಾಲಿನಲ್ಲಿ ನಿಲ್ಲಿಸುವ ರಾಜನೆಂದು ಊಹಿಸಿಕೊಳ್ಳುತ್ತಾರೆ. ಬಿರುದಿನ ಮೂಲ ಅದಲ್ಲ. ಅವನ ಕಾಲದಲ್ಲಿ ಶಿಸ್ತು ಎಂದರೆ ಭೂಮಿಗೆ ನಿಗದಿಮಾಡಿದ ಕಂದಾಯ, ಆ ಕಂದಾಯದ ಕಟ್ಟಳೆ.

ಅದನ್ನು ನಿಗದಿ ಮಾಡಿದ ಬಗೆಯನ್ನು ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ವಿವರಿಸುತ್ತದೆ. ಹಳ್ಳಿಹಳ್ಳಿಯಲ್ಲಿ ಒಂದೊಂದು ಬಗೆಯ ನೆಲದಲ್ಲಿ ಒಂದೊಂದು ಜಮೀನನ್ನು ಅರಮನೆಯ ಖರ್ಚಿನಲ್ಲೇ 12 ವರ್ಷ ಸಾಗುವಳಿ ಮಾಡಿಸಿದರು. ಬಿತ್ತಿದ ಬೀಜ, ಬೇಸಾಯದ ಖರ್ಚು, ಬಂದ ಫಸಲು, ಅದರ ಬೆಲೆ ಎಲ್ಲಕ್ಕೂ ಲೆಕ್ಕವಿಟ್ಟರು. ಉತ್ತಮದಿಂದ ಅಧಮಾಧಮದವರೆಗೆ ನೆಲಕ್ಕೆ ಐದು ದರ್ಜೆ ಮಾಡಿದರು. ಒಟ್ಟು ಫಸಲಿನ ಮೂರನೆಯ ಒಂದು ಭಾಗ ಸರ್ಕಾರದ್ದು ಎಂದು ಗೊತ್ತುಮಾಡಿದರು. ಮೂರರಲ್ಲೊಂದು ಎಂಬುದು ಉಳುವವನ ಬೆನ್ನಿಗೆ ಹಗುರದ ಹೊರೆಯಲ್ಲ. ರಾಜ ಅವನನ್ನು ಕೇಳಿ ಬರೆದ ಲೆಕ್ಕವೂ ಅದಲ್ಲ. ಆದರೂ ಬರೆದಿಟ್ಟ ಮೇಲೆ ಅದು ರಾಜನ ಕೈಯನ್ನೂ ಕಟ್ಟಿತು. ನೆಲ ಯಾವ ದರ್ಜೆಯದು, ಎಷ್ಟು ಕೊಡಬೇಕು ಎಂಬುದು ರೈತನಿಗೂ ಗೊತ್ತು, ವಸೂಲಿಗೆ ಬಂದವನಿಗೂ ಗೊತ್ತು. ಅದಕ್ಕಿಂತ ಹೆಚ್ಚು ಕೇಳಿದರೆ ಅದು ಶಿಸ್ತಿನ ಹೊರಗಿನದು ಎಂದು ಹೇಳಲು ರೈತನಿಗೆ ಒಂದು ಆಧಾರ ಸಿಕ್ಕಿತು. ಹನ್ನೆರಡು ವರ್ಷ ಗದ್ದೆಯಲ್ಲೇ ಪ್ರಯೋಗ ಮಾಡಿಸಿದ ಆ ಅರಸನ ಹೆಸರನ್ನು ಸಾಗರ ತಾಲ್ಲೂಕಿನ ಇರುವಕ್ಕಿಯ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯಕ್ಕೆ ಇಟ್ಟಿರುವುದು ಸರಿಯಾಗಿಯೇ ಇದೆ.

ರಾಜ್ಯಶಾಸ್ತ್ರದ ಮೊದಲ ಪಾಠ ಇಲ್ಲಿದೆ. ಬಲದಿಂದ ಕಿತ್ತುಕೊಳ್ಳುವುದಕ್ಕೂ ತೆರಿಗೆ ಪಡೆಯುವುದಕ್ಕೂ ಇರುವ ವ್ಯತ್ಯಾಸವೇನು? ದರೋಡೆಕೋರನೂ ಕೇಳುತ್ತಾನೆ, ಅರಸನೂ ಕೇಳುತ್ತಾನೆ. ಅರಸನ ಕೇಳಿಕೆಗೆ ಮೊದಲೇ ಗೊತ್ತಿರುವ ಅಳತೆ ಇರುತ್ತದೆ, ಅದು ನಾಳೆಯೂ ಅಷ್ಟೇ ಇರುತ್ತದೆಂಬ ನಂಬಿಕೆ ಇರುತ್ತದೆ. ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್, ಜನ ನ್ಯಾಯಬದ್ಧವೆಂದು ಒಪ್ಪಿದ ಅಧಿಕಾರವನ್ನು ಬರಿಯ ಬಲದಿಂದ ಬೇರ್ಪಡಿಸಿ ನೋಡಿದ್ದು ಇಂಥ ಕಡೆಯೇ. ಅವನ ಪುಸ್ತಕಕ್ಕೆ ಕೈಹಾಕುವ ಮೊದಲು ನಮ್ಮ ಮಕ್ಕಳು ಬಿದನೂರಿನ ಲೆಕ್ಕವನ್ನು ನೋಡಿದರೆ ಆ ಮಾತು ಬೇಗ ತಿಳಿಯುತ್ತದೆ.

ಶಿಸ್ತಿಗೆ ಒಂದು ಜೋಡಿ ಪದವೂ ಇತ್ತು. ಶಿವಪ್ಪನಾಯಕನ ನಂತರ ಮೂಲ ಕಂದಾಯದ ಮೇಲೆ ಒಂದೊಂದು ನೆಪಕ್ಕೆ ಒಂದೊಂದು ಹೇರಿಕೆ ಏರುತ್ತ ಹೋಯಿತು. 1763ರಲ್ಲಿ ಬಿದನೂರು ಹೈದರಾಲಿಯ ಕೈಸೇರಿದ ಮೇಲೂ ಏರಿತು. 1799ರಲ್ಲಿ ಕರಾವಳಿಯ ಕೆನರಾ ಇಂಗ್ಲಿಷರ ಪಾಲಾಗಿ ಥಾಮಸ್ ಮನ್ರೋ ಅಲ್ಲಿ ಕಲೆಕ್ಟರಾದಾಗ ಘಟ್ಟದ ಕೆಳಗಿನ ಲೆಕ್ಕಪತ್ರಗಳಲ್ಲಿ ಎರಡು ಬಾಬತ್ತು ಬೇರೆಬೇರೆಯಾಗಿ ಕಂಡವು: ಶಿಸ್ತು ಮತ್ತು ಶಾಮೀಲು. ಶಿಸ್ತು ಎಂದರೆ ಹಳೆಯ ನಿಗದಿ. ಶಾಮೀಲು ಎಂದರೆ ಆಮೇಲೆ ಅದರೊಳಗೆ ಸೇರಿಸಿದ್ದು. ತೆಗೆದುಕೊಳ್ಳುತ್ತಿದ್ದ ಒಟ್ಟು ಮೊತ್ತ ಎಷ್ಟೇ ಬೆಳೆದರೂ ಯಾವುದು ಕಟ್ಟಳೆ, ಯಾವುದು ಕಟ್ಟಳೆಯ ಮೇಲಿನ ಹೇರಿಕೆ ಎಂಬುದನ್ನು ಬರವಣಿಗೆ ಮರೆಯಲಿಲ್ಲ. ಇವತ್ತು ಶಾಮೀಲು ಎಂಬ ಪದ ಕಂದಾಯದ ಕಡತ ಬಿಟ್ಟು ಬೀದಿಗೆ ಬಂದಿದೆ. ಮರಳು ಸಾಗಣೆಯಲ್ಲಿ ಅಧಿಕಾರಿಗಳು ಶಾಮೀಲಾಗಿದ್ದಾರೆ ಎಂದು ಪತ್ರಿಕೆ ಬರೆದರೆ ಎಲ್ಲರಿಗೂ ಅರ್ಥವಾಗುತ್ತದೆ. ಎರಡೂ ಪದ ಲೆಕ್ಕದ ಪುಸ್ತಕದಿಂದ ಹೊರಟು ನಡತೆಯ ಮಾತುಗಳಾದವು: ಒಂದು ಒಳ್ಳೆಯ ನಡತೆಗೆ, ಇನ್ನೊಂದು ಕೆಟ್ಟದ್ದಕ್ಕೆ. ಪಹಣಿ ತೆಗೆಸಲು ತಾಲ್ಲೂಕು ಕಚೇರಿಗೆ ಹೋದವರು ಹಳೆಯ ಅರ್ಥದ ಶಿಸ್ತಿಗೆ ಈಗ ಕಂದಾಯ, ಆಕಾರ ಎನ್ನುತ್ತಾರೆ.

ಅರ್ಥ ಬದಲಾಗುವುದು ಭಾಷೆಗೆ ಸಹಜ, ಅದಕ್ಕೆ ಕೊರಗಬೇಕಿಲ್ಲ. ಆದರೆ ಈ ಬದಲಾವಣೆಯಲ್ಲಿ ಒಂದು ಮುಖ್ಯ ಅಂಶ ಸೋರಿಹೋಯಿತು. ಕಂದಾಯದ ಶಿಸ್ತಿಗೆ ಎರಡು ಕಡೆ ಇತ್ತು: ಕೊಡುವವನು ಇಷ್ಟು ಕೊಡಬೇಕು, ಪಡೆಯುವವನು ಇಷ್ಟೇ ಪಡೆಯಬೇಕು. ಶಾಲೆ, ಕಚೇರಿ, ಕಾರ್ಖಾನೆ, ಪಕ್ಷಗಳ ಶಿಸ್ತಿನಲ್ಲಿ ಎರಡನೆಯ ಕಡೆಯ ಮಾತೇ ಅಪರೂಪ. ಕೆಳಗಿನವರು ಶಿಸ್ತಿನಿಂದಿರಬೇಕು, ಮೇಲಿನವರು ಶಿಸ್ತು ತರಬೇಕು. ನನ್ನ ತಕರಾರು ಇರುವುದು ಇಲ್ಲಿ.

ಆ ಎರಡನೆಯ ಕಡೆಯನ್ನು ಮತ್ತೆ ಕೇಳಿ ಪಡೆದವರೂ ಇದೇ ಜಿಲ್ಲೆಯವರು. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರ ಏಪ್ರಿಲ್‌ನಲ್ಲಿ ಶುರುವಾದ ಸತ್ಯಾಗ್ರಹವನ್ನು ಪಠ್ಯಪುಸ್ತಕ 'ಗೇಣಿದಾರರ ಹೋರಾಟ' ಎಂದು ಒಂದು ಸಾಲಿನಲ್ಲಿ ಮುಗಿಸಬಹುದು. ಅವರ ಬೇಡಿಕೆಗಳನ್ನು ಒಮ್ಮೆ ಬಿಡಿಸಿ ನೋಡಬೇಕು. ಗೇಣಿ ಭತ್ತ ಅಳೆಯುವ ಕೊಳಗ ಒಡೆಯರಿಗೆ ಬೇಕಾದ ಗಾತ್ರದ್ದಾಗಿರಬಾರದು, ಎಲ್ಲರಿಗೂ ಗೊತ್ತಿರುವ ಒಂದೇ ಅಳತೆಯದಾಗಿರಬೇಕು. ಗೇಣಿ ಕೊಟ್ಟದ್ದಕ್ಕೆ ರಶೀದಿ ಬೇಕು. ಬಿಟ್ಟಿ ಚಾಕರಿ ನಿಲ್ಲಬೇಕು. ಗೇಣಿಯನ್ನೇ ಕೊಡುವುದಿಲ್ಲ ಎಂದು ಹೊರಟವರಲ್ಲ ಅವರು. ಕೊಡುವುದಕ್ಕೆ ಅಳತೆ ಇರಲಿ, ಕೊಟ್ಟದ್ದಕ್ಕೆ ಬರವಣಿಗೆ ಇರಲಿ ಎಂದರು. ಎಚ್. ಗಣಪತಿಯಪ್ಪನವರ ಮುಂದಾಳುತನದಲ್ಲಿ ದೀವರ ಸಮುದಾಯದ ಗೇಣಿದಾರರು ಕೇಳಿದ್ದು ಶಿಸ್ತನ್ನೇ, ಹಳೆಯ ಅರ್ಥದ ಎರಡು ಕಡೆಯ ಶಿಸ್ತನ್ನು.

ಕೇಳಿದ ಬಗೆಯಲ್ಲೂ ಶಿಸ್ತಿತ್ತು. ತಂಡತಂಡವಾಗಿ ಗದ್ದೆಗಿಳಿಯುವುದು, ಉಳುವುದು, ಪೊಲೀಸರು ಬಂದರೆ ಕೈಯೆತ್ತದೆ ಬಂಧನಕ್ಕೆ ಒಳಗಾಗುವುದು, ಮರುದಿನ ಇನ್ನೊಂದು ತಂಡ. ಇದನ್ನು ಯಾರೂ ಅವರ ಮೇಲೆ ಹೇರಿರಲಿಲ್ಲ. ಸಮಾಜವಾದಿ ಪಕ್ಷ ಜೊತೆಗೂಡಿತು, ಶಾಂತವೇರಿ ಗೋಪಾಲಗೌಡರು ಮುಂದೆ ನಿಂತರು, ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದು ಬಂಧಿತರಾದರು. 1952ರಲ್ಲಿ ಗೋಪಾಲಗೌಡರು ಸಾಗರ–ಹೊಸನಗರ ಕ್ಷೇತ್ರದಿಂದ ವಿಧಾನಸಭೆಗೆ ಆಯ್ಕೆಯಾದರು. ದೇವರಾಜ ಅರಸು ಅವರ ಕಾಲದಲ್ಲಿ, 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಗೇಣಿಯನ್ನೇ ತೆಗೆದುಹಾಕಿತು. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಹಿರಿಯರು 'ಡಿಕ್ಲರೇಷನ್ ಕೊಟ್ಟ ವರ್ಷ' ಎಂದು ನೆನೆಯುವುದು ಆಗ ಭೂನ್ಯಾಯಮಂಡಳಿಗೆ ಸಲ್ಲಿಸಿದ 7ನೇ ನಮೂನೆಯ ಅರ್ಜಿಯನ್ನು. ಅದೇ ಕಾಗೋಡಿನ ದೀವರ ಮನೆತನದ ಕಾಗೋಡು ತಿಮ್ಮಪ್ಪ ಮುಂದೆ ವಿಧಾನಸಭೆಯ ಅಧ್ಯಕ್ಷರಾದರು, 2016ರಲ್ಲಿ ಕಂದಾಯ ಸಚಿವರೂ ಆದರು. ಭೂಮಿಯ ಲೆಕ್ಕ ಕೇಳಿದವರ ಊರಿನವರೇ ಭೂಮಿಯ ಲೆಕ್ಕ ಇಡುವ ಇಲಾಖೆಯ ಮುಖ್ಯಸ್ಥರಾದರು. ಪ್ರಜಾಪ್ರಭುತ್ವ ಎಂದರೇನು ಎಂಬ ಎರಡು ಅಂಕದ ಪ್ರಶ್ನೆಗೆ ನಮ್ಮ ಜಿಲ್ಲೆಯ ಮಕ್ಕಳು ಬರೆಯಬಹುದಾದ ಉತ್ತರ ಇದು.

ಕಾಗೋಡಿನಿಂದ ಭದ್ರೆಯ ದಂಡೆಗೆ ಬಂದರೆ ಶಿಸ್ತಿನ ರೂಪ ಬೇರೆಯಾಗುತ್ತದೆ. ಬೆಂಕಿಪುರ ಎಂಬ ಊರು ಭದ್ರಾವತಿಯಾದ ಕಾಲಕ್ಕೆ, ವಿಶ್ವೇಶ್ವರಯ್ಯನವರ ಯೋಜನೆಯಂತೆ ಅಲ್ಲಿ ಕಬ್ಬಿಣದ ಕಾರ್ಖಾನೆ ಎದ್ದಿತು. 1923ರಲ್ಲಿ ಉತ್ಪಾದನೆ ಶುರುವಾಯಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು, ಸುತ್ತಮುತ್ತಲ ಹಳ್ಳಿಗಳಿಂದಲೂ ದೂರದ ತಮಿಳು, ತೆಲುಗು, ಮಲಯಾಳ ಸೀಮೆಗಳಿಂದಲೂ ಬಂದ ಜನ. ಹಳ್ಳಿಯಲ್ಲಿ ಕೆಲಸವನ್ನು ಅಳೆಯುತ್ತಿದ್ದುದು ಕೆಲಸದಿಂದಲೇ: ಈ ಗದ್ದೆ ನಾಟಿಗೆ ನಾಲ್ಕು ಆಳು, ಈ ಕೊಯ್ಲಿಗೆ ಎರಡು ದಿನ. ಕಾರ್ಖಾನೆಯಲ್ಲಿ ಅಳತೆ ಗಡಿಯಾರದ್ದಾಯಿತು. ಫಸ್ಟ್ ಶಿಫ್ಟ್, ಸೆಕೆಂಡ್ ಶಿಫ್ಟ್, ನೈಟ್ ಶಿಫ್ಟ್. ಕಾರ್ಖಾನೆಯ ಸೈರನ್ ಕೂಗಿಗೆ ಮನೆಗಳ ಊಟ, ನಿದ್ದೆ ಎಲ್ಲ ಹೊಂದಿಕೊಂಡವು. ಇಂಗ್ಲೆಂಡಿನ ಇತಿಹಾಸಕಾರ ಇ.ಪಿ. ಥಾಮ್ಸನ್ 1967ರ ತಮ್ಮ ಹೆಸರಾಂತ ಪ್ರಬಂಧದಲ್ಲಿ ಕೈಗಾರಿಕೆ ಮನುಷ್ಯರಿಗೆ ಕಲಿಸಿದ ಗಡಿಯಾರದ ಶಿಸ್ತನ್ನು ಕುರಿತು ಬರೆದರು. ಅಲ್ಲಿ ತಲೆಮಾರುಗಳ ಮೇಲೆ ನಡೆದದ್ದು ಭದ್ರಾವತಿಯಲ್ಲಿ ಒಂದೇ ತಲೆಮಾರಿನ ಕಣ್ಣೆದುರು ನಡೆಯಿತು.

ಈ ಶಿಸ್ತಿಗೂ ಎರಡನೆಯ ಕಡೆ ಇರಬೇಕೆಂದು ಕಾನೂನು ಹೇಳಿತು. 1946ರ ಕೈಗಾರಿಕಾ ಉದ್ಯೋಗ (ಸ್ಥಾಯಿ ಆದೇಶಗಳು) ಕಾಯ್ದೆ ಕೆಲಸದ ಹೊತ್ತು, ರಜೆ, ತಪ್ಪಿಗೆ ಕ್ರಮ, ಎಲ್ಲವನ್ನೂ ಮಾಲೀಕರು ಬರೆದಿಡಬೇಕು ಎಂದಿತು. ಬರೆದದ್ದನ್ನು ಇಂಗ್ಲಿಷಿನ ಜೊತೆಗೆ ಹೆಚ್ಚಿನ ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲಿ ಬಾಗಿಲ ಬಳಿ ಹಲಗೆಯ ಮೇಲೆ ಹಾಕಬೇಕು ಎಂದೂ ಹೇಳಿತು. ತಿಳಿಯದ ಭಾಷೆಯಲ್ಲಿರುವ ನಿಯಮವನ್ನು ಮುರಿದದ್ದಕ್ಕೆ ಶಿಕ್ಷೆ ಕೊಡುವುದು ಅನ್ಯಾಯ ಎಂಬ ತಿಳಿವಳಿಕೆ ಅದರ ಹಿಂದಿತ್ತು. ಭಾಷೆಯ ಹಕ್ಕು ಯಾಕೆ ಬೇಕು ಎಂದು ಕೇಳುವವರಿಗೆ ಇಷ್ಟು ಹೇಳಿದರೆ ಸಾಕು. ಬರೆದಿಟ್ಟ ನಿಯಮ ಎಲ್ಲವನ್ನೂ ಕಾಯುವುದಿಲ್ಲ ಎಂಬುದೂ ನಿಜ. ಭದ್ರಾವತಿಯಲ್ಲೇ ಇರುವ ಮೈಸೂರು ಕಾಗದ ಕಾರ್ಖಾನೆಯಲ್ಲಿ ಕಾಗದ ತಯಾರಿಕೆ ನಿಂತಿತು. ಕಬ್ಬಿಣದ ಕಾರ್ಖಾನೆಯನ್ನು, ಅಂದರೆ ವಿ.ಐ.ಎಸ್.ಎಲ್. ಅನ್ನು, ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿತ್ತು, ಗುತ್ತಿಗೆ ಕಾರ್ಮಿಕರು ಧರಣಿ ಕೂತರು, ಆಗಸ್ಟ್‌ನಲ್ಲಿ ಒಂದಷ್ಟು ವಿಭಾಗ ಮತ್ತೆ ನಡೆಯತೊಡಗಿತು. ಸೈರನ್‌ಗೆ ಸರಿಯಾಗಿ ಗೇಟು ದಾಟುತ್ತಿದ್ದವರು ತಮ್ಮ ಕಡೆಯ ಶಿಸ್ತನ್ನು ಪಾಲಿಸಿದ್ದರು. ಅವರಿಗೆ ಎದುರಿನ ಕಡೆಯ ಜವಾಬ್ದಾರಿ ಎಷ್ಟು ಎಂಬುದು ಅರ್ಥಶಾಸ್ತ್ರದ ಪ್ರಶ್ನೆ, ನೀತಿಯ ಪ್ರಶ್ನೆಯೂ ಹೌದು.

ರಾಜಕೀಯದಲ್ಲಿ ಈ ಪದ ಹೆಚ್ಚು ಎಚ್ಚರ ಬೇಡುತ್ತದೆ. 1975ರ ಜೂನ್ 25ರಿಂದ 1977ರ ಮಾರ್ಚ್ 21ರವರೆಗಿನ ತುರ್ತುಪರಿಸ್ಥಿತಿಯನ್ನು ವಿನೋಬಾ ಭಾವೆ 'ಅನುಶಾಸನ ಪರ್ವ' ಎಂದರು ಎಂಬುದು ಪ್ರಸಿದ್ಧ. ಅನುಶಾಸನ ನಮ್ಮ ಶಿಸ್ತಿನ ಸೋದರ. ರೈಲು ಹೊತ್ತಿಗೆ ಸರಿಯಾಗಿ ಬರುತ್ತದೆ, ಕಚೇರಿಯಲ್ಲಿ ಜನ ಕುರ್ಚಿಯಲ್ಲಿರುತ್ತಾರೆ ಎಂಬ ಹೊಗಳಿಕೆ ಆಗ ಕೇಳಿಬಂತು. ಅದೇ ಹೊತ್ತಿಗೆ ಪತ್ರಿಕೆಗಳಿಗೆ ಸೆನ್ಸಾರ್, ವಿಚಾರಣೆಯಿಲ್ಲದೆ ಜೈಲು. ಜನರ ಮೇಲೆ ಪೂರ್ತಿ ಶಿಸ್ತು, ಸರ್ಕಾರದ ಮೇಲೆ ಯಾವ ಕಟ್ಟೂ ಇಲ್ಲ. ಪದದ ಒಂದು ಕಡೆಯನ್ನು ಕತ್ತರಿಸಿದರೆ ಏನಾಗುತ್ತದೆಂದು ದೇಶ ಕಂಡಿತು. ಸಣ್ಣ ಪ್ರಮಾಣದಲ್ಲಿ ಪ್ರತಿ ಪಕ್ಷದಲ್ಲೂ ಈ ಅಪಾಯ ಇದೆ. 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೇ ಅನುಸೂಚಿ ವಿಪ್ ಮೀರಿದ ಶಾಸಕರ ಸ್ಥಾನವನ್ನೇ ಕಳೆಯಬಲ್ಲದು. ಪಕ್ಷಾಂತರ ತಡೆಯಲು ಅದು ಬೇಕೆಂಬ ವಾದಕ್ಕೆ ಬಲವಿದೆ. ಆದರೆ ಶಾಸಕರು ಪಕ್ಷಕ್ಕೆ ಬದ್ಧರಾದರೆ ಪಕ್ಷದ ಹಿರಿಯರು ಯಾರಿಗೆ ಬದ್ಧರು? ಈ ಪ್ರಶ್ನೆ ಕೇಳದ ಶಿಸ್ತು ಸಮಿತಿ ಅರ್ಧ ಕೆಲಸ ಮಾಡುತ್ತದೆ. ಸರ್ಕಾರ ತನ್ನನ್ನೇ ಕಟ್ಟಿಕೊಂಡ ಒಳ್ಳೆಯ ನಿದರ್ಶನವೂ ಇದೆ. 2002ರಲ್ಲಿ ಆರ್ಥಿಕ ಹೊಣೆಗಾರಿಕೆ ಕಾಯ್ದೆ ತಂದ ಮೊದಲ ರಾಜ್ಯ ಕರ್ನಾಟಕ. ಸಾಲ ಎಷ್ಟು, ಕೊರತೆ ಎಷ್ಟು ಎಂಬುದಕ್ಕೆ ಮಿತಿ ಹಾಕಿ, ಅದರ ಲೆಕ್ಕವನ್ನು ಶಾಸನಸಭೆಯ ಮುಂದೆ ಇಡಬೇಕೆಂದು ಬರೆದುಕೊಂಡಿತು. ಶಿವಪ್ಪನಾಯಕನ ಅರ್ಥಕ್ಕೆ ಈ ಬಳಕೆಯೇ ಹೆಚ್ಚು ಹತ್ತಿರ.

ಇನ್ನು ಭಾಷೆ. ಭದ್ರಾವತಿಯ ನ್ಯೂಟೌನಿನಲ್ಲಿ, ಕಾಗದನಗರದಲ್ಲಿ ಮನೆಯೊಳಗೆ ತಮಿಳೋ ತೆಲುಗೋ ಉರ್ದುವೋ ಆಡುವ ಮಕ್ಕಳು ಅಂಗಳಕ್ಕೆ ಬಂದು ಕನ್ನಡ ಕಲಿತರು. ವ್ಯಾಕರಣದ ಪುಸ್ತಕ ನೋಡಿ ಕಲಿತವರಲ್ಲ. ಗೆಳೆಯನಿಗೆ 'ಬಾರೋ', ಅವನ ಅಪ್ಪನಿಗೆ 'ಬನ್ನಿ' ಎನ್ನಬೇಕೆಂಬುದು ಆಟದ ನಡುವೆ ತಿಳಿಯಿತು. ಯಾರೂ ಬರೆಯದಿದ್ದರೂ ಎಲ್ಲರೂ ಪಾಲಿಸುವ ಇಂಥ ನಿಯಮಕ್ಕೆ ಸಮಾಜಶಾಸ್ತ್ರ 'ರೂಢಿ' ಎನ್ನುತ್ತದೆ. ಭಾಷೆಯಲ್ಲಿ ಶಿಸ್ತು ಮೊದಲು ಹುಟ್ಟುವುದು ಮಾತಾಡುವವರಲ್ಲಿ. ಪುಸ್ತಕ ಅದನ್ನು ಆಮೇಲೆ ಬರೆದುಕೊಳ್ಳುತ್ತದೆ.

ಶಾಲೆಗೆ ಬಂದಾಗ ಇದನ್ನು ಮರೆಯುತ್ತೇವೆ. ಹಳ್ಳಿಯಿಂದ ಬಂದ ಹುಡುಗಿ 'ನಾಳೆ ಬತ್ತೀನಿ' ಅಂದರೆ ಅದನ್ನು ಶಿಸ್ತಿಲ್ಲದ ಕನ್ನಡ ಎನ್ನುವವರಿದ್ದಾರೆ. ಗಮನವಿಟ್ಟು ಕೇಳಿದರೆ ಅವಳ ಮಾತಿನಲ್ಲಿ ನಿಯಮ ಕಾಣುತ್ತದೆ: ಬರುತ್ತೀನಿ ಎಂಬುದು 'ಬತ್ತೀನಿ' ಆದ ಬಾಯಲ್ಲಿ ತರುತ್ತೀನಿ ಎಂಬುದು 'ತತ್ತೀನಿ' ಆಗಿಯೇ ತೀರುತ್ತದೆ. ಅವಳಿಗೆ ಬರವಣಿಗೆಯ ಕನ್ನಡವನ್ನು ಕಲಿಸಲೇಬೇಕು; ಅರ್ಜಿ, ಪರೀಕ್ಷೆ, ಕೆಲಸ ಎಲ್ಲವೂ ಆ ಕನ್ನಡದಲ್ಲಿವೆ. ಕಲಿಸುವಾಗ ಅವಳ ಮನೆಮಾತಿಗೂ ಒಂದು ಶಿಸ್ತಿದೆ ಎಂದು ಒಪ್ಪಿಕೊಂಡು ಶುರುಮಾಡಿದರೆ ಅವಳು ಎರಡನ್ನೂ ಚೆನ್ನಾಗಿ ಹಿಡಿಯುತ್ತಾಳೆ. ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಹೆಚ್ಚಿನ ಕನ್ನಡಿಗರ ಉಚ್ಚಾರದಲ್ಲಿ ಇಲ್ಲದ ಮಹಾಪ್ರಾಣಗಳನ್ನು ಬರವಣಿಗೆಯಿಂದ ಬಿಡಬೇಕೆಂದು ವಾದಿಸಿದ್ದರ ಹಿಂದೆ ಇಂಥ ಕಾಳಜಿಯೇ ಇತ್ತು. ಅವರ ಪರಿಹಾರವನ್ನು ಒಪ್ಪದವರು ಬಹಳ ಮಂದಿ. ಆದರೆ ಪ್ರಮಾಣ ಭಾಷೆ ಯಾರ ನಾಲಗೆಯ ಅಳತೆಯಲ್ಲಿ ನಿಂತಿದೆ ಎಂದು ಅವರು ಎತ್ತಿದ ಪ್ರಶ್ನೆಯನ್ನು ಒಪ್ಪದೆ ಭಾಷೆ ಕಲಿಸುವುದು ಕಷ್ಟ.

ಕೊನೆಗೆ ಜ್ಞಾನಶಿಸ್ತು. ನಮ್ಮ ಹತ್ತನೇ ತರಗತಿಯ ಸಮಾಜ ವಿಜ್ಞಾನ ಪುಸ್ತಕದಲ್ಲಿ ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಎಂದು ಭಾಗಗಳಿವೆ. ಒಂದೊಂದನ್ನೂ ಶಿಸ್ತು ಎನ್ನುವುದು ಯಾಕೆ ಸರಿ ಎಂದರೆ, ಒಂದೊಂದಕ್ಕೂ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಅಳತೆ ಇದೆ. ಇತಿಹಾಸಕಾರ ದಾಖಲೆ ತೋರಿಸಬೇಕು, ಅರ್ಥಶಾಸ್ತ್ರಜ್ಞೆ ಲೆಕ್ಕ ತೋರಿಸಬೇಕು, ಭಾಷಾವಿಜ್ಞಾನಿ ಆಡುವವರ ಮಾತನ್ನು ಮುಂದಿಡಬೇಕು. ಎಷ್ಟು ದೊಡ್ಡ ಹೆಸರಿನವರಾದರೂ ತೋರಿಸಲಾಗದಿದ್ದರೆ ಅವರ ಮಾತು ನಿಲ್ಲುವುದಿಲ್ಲ. ಹೇಳುವವರನ್ನೂ ಕೇಳುವವರನ್ನೂ ಒಂದೇ ಅಳತೆ ಕಟ್ಟುತ್ತದೆ. ಪದದ ಎರಡನೆಯ ಕಡೆ ಇನ್ನೂ ಪೂರ್ತಿಯಾಗಿ ಉಳಿದಿರುವ ಬಳಕೆ ಬಹುಶಃ ಇದೊಂದೇ.

ಆದ್ದರಿಂದ ನಮ್ಮ ಜಿಲ್ಲೆಯ ಸಮಾಜ ವಿಜ್ಞಾನದ ಮೇಷ್ಟ್ರುಗಳಲ್ಲಿ, ಟೀಚರುಗಳಲ್ಲಿ ಒಂದು ವಿನಂತಿ. ವರ್ಷದ ಮೊದಲ ವಾರ ತರಗತಿಯ ನಿಯಮಗಳನ್ನು ಮಕ್ಕಳ ಜೊತೆ ಕೂತು ಬರೆಯಿರಿ. ಮಕ್ಕಳು ಏನು ಮಾಡಬೇಕು ಎಂಬುದರ ಎದುರಿಗೇ ಶಿಕ್ಷಕರು ಏನು ಮಾಡಬೇಕು ಎಂಬುದೂ ಇರಲಿ: ಹೊತ್ತಿಗೆ ಬರುವುದು, ಉತ್ತರ ಪತ್ರಿಕೆ ತಿದ್ದಿ ಕೊಡುವುದು, ಪ್ರಶ್ನೆ ಕೇಳಿದವರನ್ನು ಗದರದಿರುವುದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಕ್ಕಳಿಗೆ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಕೂಡದು ಎನ್ನುತ್ತದೆ. ಅದನ್ನೂ ಆ ಹಾಳೆಯಲ್ಲಿ ಬರೆಯಿರಿ. ಎಲ್ಲರಿಗೂ ತಿಳಿಯುವ ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿ. ಅಧಿಕಾರ, ಹಕ್ಕು, ಕರ್ತವ್ಯ, ಒಪ್ಪಂದ, ರೂಢಿ, ಈ ಪಾಠಗಳ ಅರ್ಧ ಭಾಗ ಆ ಒಂದು ಹಾಳೆಯಲ್ಲಿ ಮುಗಿಯುತ್ತದೆ.

ಮಕ್ಕಳಿಗೂ ಒಂದು ಮಾತು. ಯಾರಾದರೂ ಶಿಸ್ತಿನಿಂದಿರು ಎಂದಾಗ ಕೇಳಿ, ಕಲಿಯಿರಿ, ಪಾಲಿಸಿ. ಶಿಸ್ತಿಲ್ಲದೆ ಓದೂ ಇಲ್ಲ, ಊರೂ ಇಲ್ಲ. ಜೊತೆಗೇ ಈ ಅಳತೆ ಎಲ್ಲಿ ಬರೆದಿದೆ, ಹೇಳುವವರನ್ನೂ ಇದು ಕಟ್ಟುತ್ತದೆಯೇ ಎಂದು ವಿನಯದಿಂದ ವಿಚಾರಿಸಿ. ಹಾಗೆ ಕೇಳುವುದು ಅಶಿಸ್ತು ಅಲ್ಲ. ಬಿದನೂರಿನ ರೈತರಿಗೂ ಕಾಗೋಡಿನ ಗೇಣಿದಾರರಿಗೂ ಶಿಸ್ತು ಎಂದರೆ ಅದೇ ಆಗಿತ್ತು. ಒಂದೇ ಕಡೆಯನ್ನು ಕಟ್ಟುವುದಕ್ಕೆ ಕನ್ನಡದಲ್ಲಿ ಅಪ್ಪಣೆ, ದರ್ಪ, ದಬ್ಬಾಳಿಕೆ ಎಂಬ ಬೇರೆ ಪದಗಳಿವೆ. ಅಂಥ ಕಡೆ ಶಿಸ್ತು ಎಂಬ ಪದವನ್ನು ಬಳಸಬೇಡಿ.